ಪವರ್ ಸ್ಟೀರಿಂಗ್ ಪಂಪಿನ ನೂರು ವರ್ಷ

ಅಮೆರಿಕದ ಬಫಲೋ ನಗರದ ಪಿಯರ್ಸ್-ಆ್ಯರೋ ಕಂಪನಿ ಸಿರಿವಂತರ ಕಾರುಗಳಿಗೆ ಹೆಸರಾಗಿತ್ತು, ಜತೆಗೆ ಭಾರದ ಲಾರಿಗಳನ್ನೂ ಕಟ್ಟುತ್ತಿತ್ತು. ಲಾರಿ ವಿಭಾಗದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಅವರಿಗೆ ಚಾಲಕರು ಪಡುತ್ತಿದ್ದ ಪಾಡು ಚೆನ್ನಾಗಿ ಗೊತ್ತಿತ್ತು. ತುಂಬಿದ ಲಾರಿಯನ್ನು ತಿರುಗಿಸಲು ತೋಳಿನ ಶಕ್ತಿಯೆಲ್ಲ ಬೇಕು; ಮುಂದಿನ ಚಕ್ರ ಗುಂಡಿಗೆ ಬಿದ್ದರಂತೂ ಸ್ಟೀರಿಂಗ್ ಕೈ ಕೊಡವಿಕೊಂಡು ಗಿರ್ರನೆ ತಿರುಗುತ್ತಿತ್ತು. 1920ರ ದಶಕದ ಆರಂಭದಲ್ಲಿ ಡೇವಿಸ್ ನೌಕರಿ ಬಿಟ್ಟು ಮ್ಯಾಸಚೂಸೆಟ್ಸ್‌ನ ವಾಲ್‌ಥಮ್‌ನಲ್ಲಿ ಪುಟ್ಟದೊಂದು ವರ್ಕ್‌ಶಾಪ್ ಬಾಡಿಗೆಗೆ ಹಿಡಿದರು. ವಾಲ್‌ಥಮ್ ಗಡಿಯಾರ ತಯಾರಿಕೆಗೆ ಪ್ರಸಿದ್ಧವಾದ ಊರು. ಅಲ್ಲಿ ಜಾರ್ಜ್ ಜೆಸಪ್ ಎಂಬ ನುರಿತ ಟೂಲ್‌ಮೇಕರ್ ಅವರಿಗೆ ಜತೆಯಾದರು.

ಯಂತ್ರದ ಬಲದಿಂದ ಸ್ಟೀರಿಂಗ್ ತಿರುಗಿಸುವ ಯೋಚನೆ ಆಗಲೇ ಹಳೆಯದು. 1903ರಲ್ಲಿ ಕೊಲಂಬಿಯಾ ಕಂಪನಿಯ 5 ಟನ್ ಲಾರಿಯೊಂದಕ್ಕೆ ಇದಕ್ಕಾಗಿಯೇ ವಿದ್ಯುತ್ ಮೋಟಾರ್ ಕೂರಿಸಿದ್ದರು. ಆಯಿಲ್ ಒತ್ತಡದ ದಾರಿ ಹಿಡಿದವರಿಗೆ ಬೇರೆಯದೇ ತೊಡಕು. ಅಂದಿನ ಹೈಡ್ರಾಲಿಕ್ ಯಂತ್ರಗಳಲ್ಲಿ ಒತ್ತಡವನ್ನು ಸದಾ ಕಟ್ಟಿಡಬೇಕಾಗಿತ್ತು. ಹಾಗೆ ಕಟ್ಟಿಟ್ಟ ಒತ್ತಡ ಸಿಕ್ಕ ಸಂದಿಯಲ್ಲೆಲ್ಲ ಸೋರುತ್ತಿತ್ತು.

ಡೇವಿಸ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ವಾಲ್ವಿನ ನಡುದಾರಿಯನ್ನು ಅವರು ತೆರೆದೇ ಇಟ್ಟರು. ಕಾರು ನೆಟ್ಟಗೆ ಹೋಗುವಾಗ ಪಂಪಿನಿಂದ ಹೊರಟ ಆಯಿಲ್ ಯಾವ ತಡೆಯೂ ಇಲ್ಲದೆ ಹರಿದು ಡಬ್ಬಿಗೆ ವಾಪಸಾಗುತ್ತದೆ. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ವಾಲ್ವ್ ದಾರಿಯನ್ನು ಕಿರಿದು ಮಾಡುತ್ತದೆ, ಆ ಕ್ಷಣದಲ್ಲಿ ಒತ್ತಡ ಏರಿ ಪಿಸ್ಟನ್ನನ್ನು ಬೇಕಾದ ಕಡೆಗೆ ತಳ್ಳುತ್ತದೆ. ಒತ್ತಡವನ್ನು ಕೂಡಿಡುವ ಬದಲು ಬೇಕಾದಾಗ ಹುಟ್ಟಿಸಿಕೊಳ್ಳುವ ಈ ಉಪಾಯ ಮೋಟಾರು ಚರಿತ್ರೆಯ ಅತ್ಯಂತ ಚೆಂದದ ಆಲೋಚನೆಗಳಲ್ಲೊಂದು. ಮುಂದೆ ದಶಕಗಟ್ಟಲೆ ಕೋಟ್ಯಂತರ ಕಾರುಗಳು ಇದೇ ಸೂತ್ರದ ಮೇಲೆ ಓಡಿದವು.

ಆದರೆ ಫಲ ಕೈಗೆ ಬಂದದ್ದು ತಡವಾಗಿ. 1921ರ ಪಿಯರ್ಸ್-ಆ್ಯರೋ ಕಾರೊಂದಕ್ಕೆ ಈ ವ್ಯವಸ್ಥೆ ಜೋಡಿಸಿ, 1926ರಲ್ಲಿ ಡೆಟ್ರಾಯಿಟ್‌ನಲ್ಲಿ ಜನರಲ್ ಮೋಟಾರ್ಸ್ ಅಧಿಕಾರಿಗಳಿಗೆ ಡೇವಿಸ್ ತೋರಿಸಿದರು. ಕಂಪನಿ ಒಪ್ಪಿತು, ಕ್ಯಾಡಿಲ್ಯಾಕ್ ಕಾರಿಗೆ ಹಾಕುವ ಸಿದ್ಧತೆಯೂ ನಡೆಯಿತು. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂತು, ಖರ್ಚು ಹೆಚ್ಚೆಂದು ಯೋಜನೆ 1934ರಲ್ಲಿ ನಿಂತಿತು. ಎರಡು ವರ್ಷಗಳ ನಂತರ ಬೆಂಡಿಕ್ಸ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಉಕ್ಕಿನ ಕವಚ ಹೊತ್ತ ಭಾರದ ಸೇನಾ ವಾಹನಗಳಿಗೆ ಅದು ಅನಿವಾರ್ಯವಾಯಿತು. ನಾಗರಿಕರ ಷೋರೂಮಿಗೆ ಮೊದಲು ತಂದವರು ಕ್ರೈಸ್ಲರ್‌ನವರು: 1951ರ ಇಂಪೀರಿಯಲ್ ಕಾರಿನಲ್ಲಿ, 'ಹೈಡ್ರಾಗೈಡ್' ಎಂಬ ಹೆಸರಿನಲ್ಲಿ. ಅವಧಿ ಮುಗಿದಿದ್ದ ಡೇವಿಸ್ ಪೇಟೆಂಟುಗಳು ಅದಕ್ಕೆ ಆಧಾರವಾಗಿದ್ದವು. ಮರುವರ್ಷವೇ ಜನರಲ್ ಮೋಟಾರ್ಸ್ ಕ್ಯಾಡಿಲ್ಯಾಕ್‌ನಲ್ಲಿ ಪವರ್ ಸ್ಟೀರಿಂಗ್ ಕೊಟ್ಟಿತು. ಮೊದಲ ಪ್ರದರ್ಶನದಿಂದ ಅಲ್ಲಿಗೆ ಕಾಲು ಶತಮಾನವೇ ಕಳೆದಿತ್ತು.

ಇಷ್ಟೆಲ್ಲ ಹೇಳಬೇಕಾದದ್ದಕ್ಕೆ ಕಾರಣವಿದೆ. ಡೇವಿಸ್ ಸೂತ್ರ ಮನಸ್ಸಿನಲ್ಲಿದ್ದರೆ ಪಂಪ್ ಕೆಟ್ಟಿದೆಯೋ ಇಲ್ಲವೋ ಎಂದು ಪತ್ತೆ ಹಚ್ಚುವುದು ಸುಲಭ. ಇಲ್ಲದಿದ್ದರೆ ತಪ್ಪಿಲ್ಲದ ಪಂಪ್ ಗುಜರಿ ಸೇರುತ್ತದೆ.

ಪಂಪ್ ಬಿಚ್ಚಿದರೆ ಒಳಗೆ ಮೊಟ್ಟೆಯಾಕಾರದ ಉಂಗುರ, ನಡುವೆ ಸುತ್ತುವ ರೋಟರ್, ಅದರ ಸೀಳುಗಳಲ್ಲಿ ಜಾರುವ ತೆಳು ಲೋಹದ ಪಟ್ಟಿಗಳು. ಎಂಜಿನ್ ಬೆಲ್ಟ್ ಇದನ್ನು ತಿರುಗಿಸುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಗುಂಯ್ ಎಂದು ಕೊರಗುವ ಸದ್ದು ಬಂದರೆ ದೂರು ನೇರ ಪಂಪಿನ ಮೇಲೆ ಬೀಳುತ್ತದೆ. ಒಳ್ಳೆಯ ಮೆಕ್ಯಾನಿಕ್ ಮೊದಲು ಬೆಲ್ಟಿನ ಬಿಗಿ ನೋಡುತ್ತಾನೆ, ಆಮೇಲೆ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ. ಆಯಿಲ್ ನೊರೆ ನೊರೆಯಾಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಡಬ್ಬಿಯಿಂದ ಪಂಪಿಗೆ ಬರುವ ಹೋಸಿನ ಕ್ಲಿಪ್ ಸಡಿಲವಾಗಿರಬಹುದು, ಕೆಲವೇ ರೂಪಾಯಿಯ ಓ-ರಿಂಗ್ ಒಣಗಿ ಬಿರಿದಿರಬಹುದು. ಆಯಿಲ್ ಕಪ್ಪಾಗಿ, ಸುಟ್ಟ ವಾಸನೆ ಬಂದು, ಬೆರಳಿಗೆ ಹೊಳೆಯುವ ಲೋಹದ ಪುಡಿ ಅಂಟಿದರೆ ಮಾತು ಬೇರೆ. ಆಗ ಪಂಪಿನ ಒಳಗೇ ಸವೆತ ನಡೆದಿದೆ.

ಅನುಮಾನ ಉಳಿದರೆ ಕೊನೆಯ ತೀರ್ಪು ಒತ್ತಡದ ಗೇಜಿನದು. ಪಂಪಿನ ಒತ್ತಡದ ಹೋಸಿಗೆ ಗೇಜನ್ನೂ ಒಂದು ವಾಲ್ವನ್ನೂ ಜೋಡಿಸುತ್ತಾರೆ. ಎಂಜಿನ್ ಐಡಲಿಂಗ್‌ನಲ್ಲಿ, ಚಕ್ರ ನೆಟ್ಟಗಿದ್ದಾಗ ಮುಳ್ಳು ಕೆಳಗೇ ಇರಬೇಕು, ಏಕೆಂದರೆ ನಡುದಾರಿ ತೆರೆದಿದೆ. ವಾಲ್ವನ್ನು ಕ್ಷಣಕಾಲ ಮುಚ್ಚಿದಾಗ ಅದು ಚಿಮ್ಮಿ ಮೇಲೇರಬೇಕು. ಎಷ್ಟೋ ಕಾರುಗಳಲ್ಲಿ ಇದು 1,000 ಪಿಎಸ್‌ಐ ದಾಟುತ್ತದೆ, ಸರಿಯಾದ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. 5 ಸೆಕೆಂಡಿಗಿಂತ ಹೆಚ್ಚು ಮುಚ್ಚಿ ಹಿಡಿದರೆ ಪಂಪಿಗೇ ಅಪಾಯ. ಮುಳ್ಳು ಏರಿದರೆ ಪಂಪ್ ಚೆನ್ನಾಗಿದೆ, ಸ್ಟೀರಿಂಗ್ ಬಿಗಿಯಾಗಲು ಕಾರಣ ಬಹುಶಃ ಮುಂದೆ, ಚಕ್ರಗಳನ್ನು ತಿರುಗಿಸುವ ರ್‍ಯಾಕಿನಲ್ಲಿದೆ. ಏರದಿದ್ದರೆ ಪಂಪ್ ಬದಲಿಸಲೇಬೇಕು.

ಬದಲಿಸುವಾಗ ತಾಳ್ಮೆ ಬೇಡುವ ಜಾಗ ಎರಡು. ಎಷ್ಟೋ ಪಂಪುಗಳಲ್ಲಿ ಪುಲ್ಲಿಯನ್ನು ಶಾಫ್ಟಿಗೆ ಪ್ರೆಸ್ ಮಾಡಿ ಕೂರಿಸಿರುತ್ತಾರೆ. ಅದನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು, ಹೊಸ ಪಂಪಿಗೆ ಸ್ಕ್ರೂ ಇರುವ ಉಪಕರಣದಿಂದಲೇ ಒತ್ತಬೇಕು. ಸುತ್ತಿಗೆ ಏಟು ಒಳಗಿನ ರೋಟರಿಗೆ ತಾಗಿ ಹೊಸ ಪಂಪ್ ಓಡುವ ಮೊದಲೇ ಹಾಳಾಗುತ್ತದೆ. ಎರಡನೆಯದು ಗಾಳಿ ತೆಗೆಯುವ ಕೆಲಸ. ಹಳೆಯ ಲೋಹದ ಪುಡಿ ಹೊಸದನ್ನು ತಿನ್ನದಂತೆ ಹೋಸು, ಡಬ್ಬಿಗಳನ್ನು ತೊಳೆದು ಹೊಸ ಆಯಿಲ್ ತುಂಬುತ್ತಾರೆ. ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಮತ್ತೆ ಮತ್ತೆ ತಿರುಗಿಸುತ್ತಾರೆ. ಡಬ್ಬಿಯಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಕೀಲಿ ತಿರುಗಿಸುವಂತಿಲ್ಲ.

ನಮ್ಮಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲಕ್ಕೆ ಈ ಪಂಪಿನ ಪರಿಚಯ ಹೆಚ್ಚಿನವರಿಗೆ ಇರಲಿಲ್ಲ. ತಿರುವಿನಲ್ಲಿ ಸಾಮಾನ್ಯವಾಗಿ ಕೆಲಸ ಮಾಡಿದ್ದು ತೋಳು ಮಾತ್ರ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಮನೆಮಾತಾಗುವ ಹೊತ್ತಿಗೆ ಅದರ ಪ್ರತಿಸ್ಪರ್ಧಿ ಹುಟ್ಟಿಯಾಗಿತ್ತು. 1988ರಲ್ಲಿ ಜಪಾನಿನ ಸುಜುಕಿ ಸೆರ್ವೊ ಕಾರಿಗೆ ವಿದ್ಯುತ್ ಪವರ್ ಸ್ಟೀರಿಂಗ್ ಬಂತು. ಬೆಲ್ಟಿಗೆ ಕಟ್ಟಿದ ಪಂಪ್ ನೇರ ರಸ್ತೆಯಲ್ಲೂ ಎಂಜಿನ್ನಿನ ಶಕ್ತಿ ಕುಡಿಯುತ್ತಲೇ ಇರುತ್ತದೆ. ಮೋಟಾರ್ ಹಾಗಲ್ಲ, ತಿರುಗಿಸಿದಾಗ ಮಾತ್ರ ದುಡಿಯುತ್ತದೆ. ಬೇಕಾದಾಗ ಮಾತ್ರ ಬಲ ಎಂಬ ಡೇವಿಸ್ ಆಸೆ ಹೆಚ್ಚು ಪೂರ್ಣವಾಗಿ ನೆರವೇರಿದ್ದು ಅವರು ಆರಿಸಿಕೊಳ್ಳದ ವಿದ್ಯುತ್ತಿನಿಂದ.

ಈ ಎರಡೂ ಯುಗಗಳನ್ನು ಒಟ್ಟಿಗೆ ನೋಡಲು ಬೆಂಗಳೂರು ಸಮೀಪದ ಬಿಡದಿ ತಕ್ಕ ಜಾಗ. ಅಲ್ಲಿನ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನೋವಾಕ್ಕೆ ಹೈಡ್ರಾಲಿಕ್ ಪಂಪ್ ಇತ್ತು, 2016ರ ಕ್ರಿಸ್ಟಾ ಕೂಡ ಅದನ್ನೇ ಉಳಿಸಿಕೊಂಡಿತು. ಅದೇ ಕಾರ್ಖಾನೆಯ, ವಿದ್ಯುತ್ ಸ್ಟೀರಿಂಗ್ ಇರುವ ಹೈಕ್ರಾಸ್ ಮಾದರಿಯಲ್ಲಿ ಪಂಪೂ ಇಲ್ಲ, ಆಯಿಲ್ ಡಬ್ಬಿಯೂ ಇಲ್ಲ.