ದಿನದ ಲೆಕ್ಕ, ಗಂಟೆಯ ಲೆಕ್ಕ: ಸಡಿಲ ವೇಳಾಪಟ್ಟಿ ಮತ್ತು ನಿರುದ್ಯೋಗ ವಿಮೆ ಕುರಿತ ಅಮೆರಿಕದ ರಾಜ್ಯ ಶಾಸನಗಳು

2020ರ ಕೊನೆಯವರೆಗೆ ನ್ಯೂಯಾರ್ಕ್ ರಾಜ್ಯದ ನಿರುದ್ಯೋಗ ವಿಮೆ ದಿನಗಳನ್ನು ಎಣಿಸುತ್ತಿತ್ತು. ವಾರದಲ್ಲಿ ಒಂದು ದಿನ ಕೆಲಸಕ್ಕೆ ಹೋದರೆ ಆ ವಾರದ ಪರಿಹಾರದಲ್ಲಿ ಕಾಲುಭಾಗ ಕಡಿತ, ಎರಡು ದಿನಕ್ಕೆ ಅರ್ಧ, ನಾಲ್ಕು ದಿನಕ್ಕೆ ಪೂರ್ತಿ. ಆ ದಿನ ಹತ್ತು ಗಂಟೆ ದುಡಿದರೋ ಒಂದೇ ಗಂಟೆ ದುಡಿದರೋ ಎಂಬುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ವಾರಕ್ಕೆ 300 ಡಾಲರ್ ಪರಿಹಾರಕ್ಕೆ ಅರ್ಹರಾದ ಇಬ್ಬರು ಹೋಟೆಲ್ ಕೆಲಸಗಾರರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಬ್ಬರಿಗೂ ಗಂಟೆಗೆ 15 ಡಾಲರ್ ಕೂಲಿ. ಮೊದಲನೆಯವರಿಗೆ ಶನಿವಾರ ಒಂದೇ ದಿನ ಹತ್ತು ಗಂಟೆ ಕೆಲಸ ಸಿಕ್ಕಿತು. ಕೂಲಿ 150, ಉಳಿದ ಪರಿಹಾರ 225, ಒಟ್ಟು 375 ಡಾಲರ್. ಎರಡನೆಯವರನ್ನು ನಾಲ್ಕು ಮಧ್ಯಾಹ್ನ ಊಟದ ಹೊತ್ತಿಗೆ ತಲಾ ಎರಡು ಗಂಟೆ ಕರೆಸಿಕೊಂಡರು. ಕೂಲಿ 120, ಪರಿಹಾರ ಸೊನ್ನೆ. ಕಡಿಮೆ ದುಡಿಮೆ ಸಿಕ್ಕವರಿಗೇ ವಿಮೆಯೂ ಇಲ್ಲವಾಯಿತು. ಕಾರಣ ಇಷ್ಟೇ: ಅವರ ಎಂಟು ಗಂಟೆ ನಾಲ್ಕು ದಿನಗಳಿಗೆ ಹಂಚಿಹೋಗಿತ್ತು, ಆ ಹಂಚಿಕೆ ಅವರ ಕೈಯಲ್ಲಿರಲಿಲ್ಲ.

2021ರ ಜನವರಿಯಲ್ಲಿ ರಾಜ್ಯವು ದಿನ ಬಿಟ್ಟು ಗಂಟೆ ಎಣಿಸಲು ಶುರುಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಿಯಮವನ್ನು ಇನ್ನಷ್ಟು ತಿದ್ದಿ, ವಾರಕ್ಕೆ ಹತ್ತು ಗಂಟೆಯವರೆಗಿನ ಕೆಲಸಕ್ಕೆ ಯಾವ ಕಡಿತವೂ ಇಲ್ಲ ಎಂದಾಯಿತು. ಮೂವತ್ತು ಗಂಟೆ ದಾಟಿದರೆ ಪರಿಹಾರ ಪೂರ್ತಿ ನಿಲ್ಲುತ್ತದೆ. ನಮ್ಮ ಉದಾಹರಣೆಯ ಎರಡನೆಯ ವ್ಯಕ್ತಿಗೆ ಹೊಸ ಲೆಕ್ಕದಲ್ಲಿ 420 ಡಾಲರ್ ಸಿಗುತ್ತದೆ. ಪರಿಹಾರದ ದರ ಒಂದು ಡಾಲರ್ ಕೂಡ ಏರಲಿಲ್ಲ, ಅಳತೆಗೋಲು ಬದಲಾಯಿತು.

ಈ ಲೇಖನದ ವಾದ ಈ ಅಳತೆಗೋಲಿನ ಬಗ್ಗೆಯೇ. ಕೆಲಸದ ವೇಳೆಯನ್ನು ನಿಯಂತ್ರಿಸುವ ಶಾಸನಗಳನ್ನೂ ನಿರುದ್ಯೋಗ ವಿಮೆಯ ಶಾಸನಗಳನ್ನೂ ವಿದ್ವಾಂಸರು ಬೇರೆ ಬೇರೆ ಕಪಾಟಿನಲ್ಲಿ ಇಡುತ್ತ ಬಂದಿದ್ದಾರೆ. ಆದರೆ ಎರಡೂ ಉತ್ತರಿಸುವುದು ಒಂದೇ ಪ್ರಶ್ನೆಗೆ: ವ್ಯಾಪಾರ ಕುಸಿದ ವಾರದ ನಷ್ಟವನ್ನು ಯಾರು ಹೊರಬೇಕು? ಈ ಎರಡು ಶಾಸನಗಳ ನಡುವೆ ಒಂದು ದೊಡ್ಡ ಖಾಲಿ ಜಾಗವಿದೆ. ಪಾಳಿಯಲ್ಲಿ ದುಡಿಯುವವರು ಬೀಳುವುದು ಅಲ್ಲಿಗೇ.

ಖಾಲಿ ಜಾಗ ಹುಟ್ಟಿದ್ದಕ್ಕೆ ಚಾರಿತ್ರಿಕ ಕಾರಣವಿದೆ. ಅಮೆರಿಕದ ಮೊದಲ ನಿರುದ್ಯೋಗ ವಿಮೆ ಕಾಯ್ದೆ ಬಂದದ್ದು 1932ರ ಜನವರಿಯಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ. ಅದರ ಹಿಂದಿದ್ದವರು ಅರ್ಥಶಾಸ್ತ್ರಜ್ಞ ಜಾನ್ ಕಾಮನ್ಸ್ ಮತ್ತು ಅವರ ಶಿಷ್ಯವರ್ಗದ ಪಾಲ್ ರಾಶನ್‌ಬುಶ್, ಎಲಿಜಬೆತ್ ಬ್ರಾಂಡೈಸ್ ಮೊದಲಾದವರು. ಕಾರ್ಖಾನೆಯ ಅಪಘಾತಕ್ಕೆ ಮಾಲೀಕನೇ ಪರಿಹಾರ ಕೊಡಬೇಕೆಂದಾದಾಗ ಅಪಘಾತಗಳು ಕಡಿಮೆಯಾದಂತೆ, ಕೆಲಸದಿಂದ ತೆಗೆದದ್ದಕ್ಕೂ ಅವನೇ ತೆರಬೇಕೆಂದಾದರೆ ತೆಗೆಯುವುದೂ ಕಡಿಮೆಯಾಗುತ್ತದೆ ಎಂಬುದು ಕಾಮನ್ಸ್ ಅವರ ನಂಬಿಕೆ. ಹೆಚ್ಚು ಜನರನ್ನು ತೆಗೆದವರಿಗೆ ಹೆಚ್ಚು ವಂತಿಗೆ ಎಂಬ ಅನುಭವಾಧಾರಿತ ದರ ಇಂದಿಗೂ ಅಮೆರಿಕದ ವ್ಯವಸ್ಥೆಯ ವಿಶಿಷ್ಟ ಗುಣ. ವಂತಿಗೆ ಬಹುತೇಕ ಪೂರ್ತಿ ಮಾಲೀಕರದೇ. ಅಲಾಸ್ಕ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ಮಾತ್ರ ಕಾರ್ಮಿಕರೂ ಪಾಲು ಕೊಡುತ್ತಾರೆ. 1935ರ ಸಾಮಾಜಿಕ ಭದ್ರತಾ ಕಾಯ್ದೆ ಕೇಂದ್ರ ತೆರಿಗೆಯೊಂದನ್ನು ವಿಧಿಸಿ, ಸ್ವಂತ ವಿಮಾ ಕಾಯ್ದೆ ಮಾಡಿಕೊಂಡ ರಾಜ್ಯಗಳ ಮಾಲೀಕರಿಗೆ ಅದರಲ್ಲಿ ದೊಡ್ಡ ವಿನಾಯಿತಿ ಕೊಟ್ಟಿತು. 1937ರಲ್ಲಿ ಸುಪ್ರೀಂ ಕೋರ್ಟ್ ಈ ತೆರಿಗೆಯನ್ನು ಐದು–ನಾಲ್ಕರ ಬಹುಮತದಿಂದ ಎತ್ತಿಹಿಡಿಯಿತು.

ಕಾಮನ್ಸ್ ಅವರ ಕಣ್ಣ ಮುಂದಿದ್ದದ್ದು ಕಾರ್ಖಾನೆ. ಅಲ್ಲಿ ಕೆಲಸವೆಂದರೆ ಇಡೀ ವಾರದ ಕೆಲಸ. ಹೋದರೆ ಇಡಿಯಾಗಿ ಹೋಗುತ್ತದೆ. ಗಂಟೆ ಗಂಟೆಯಾಗಿ ಸವೆದುಹೋಗುವ ಕೆಲಸವನ್ನು ಆ ಶಾಸನ ಮುಖ್ಯವಾಗಿ ಕಲ್ಪಿಸಿಕೊಂಡಿರಲಿಲ್ಲ.

ಇನ್ನು ವೇಳೆಯ ಶಾಸನಗಳು. 1938ರ ಕೇಂದ್ರ ಕಾಯ್ದೆಗೆ ವಾರವೇ ಮಾನ: 40 ಗಂಟೆ ದಾಟಿದರೆ ಓವರ್‌ಟೈಮ್, ದಿನಕ್ಕೆ ಎಷ್ಟು ಎಂಬುದು ಅದಕ್ಕೆ ಬೇಕಿಲ್ಲ. ಆದರೆ ಕ್ಯಾಲಿಫೋರ್ನಿಯಾ ದಿನದ ಎಂಟು ಗಂಟೆಯ ಮಿತಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಗವರ್ನರ್ ಪೀಟ್ ವಿಲ್ಸನ್ ಕಾಲದಲ್ಲಿ ಅದನ್ನು ಹಲವು ಉದ್ಯಮಗಳಲ್ಲಿ ಸಡಿಲಿಸಲಾಯಿತು; 1999ರಲ್ಲಿ ಗ್ರೇ ಡೇವಿಸ್ ಸಹಿ ಮಾಡಿದ ಕಾಯ್ದೆ ಅದನ್ನು ಮರಳಿ ತಂದಿತು. ಆ ಕಾಯ್ದೆಯಲ್ಲಿ ಗಮನಿಸಬೇಕಾದ ಒಂದು ಏರ್ಪಾಡಿದೆ. ದಿನಕ್ಕೆ ಹತ್ತು ಗಂಟೆಯಂತೆ ನಾಲ್ಕು ದಿನ ದುಡಿಯುವ ಪದ್ಧತಿ ಓವರ್‌ಟೈಮ್ ಇಲ್ಲದೆ ಜಾರಿಗೆ ಬರಬೇಕಾದರೆ, ಆ ಘಟಕದ ಕಾರ್ಮಿಕರಲ್ಲಿ ಮೂರನೇ ಎರಡರಷ್ಟು ಜನ ಗುಪ್ತ ಮತದಾನದಲ್ಲಿ ಒಪ್ಪಬೇಕು. ವೇಳಾಪಟ್ಟಿಯ ಸಡಿಲಿಕೆಯನ್ನು ಮಾಲೀಕನ ಹಕ್ಕೆಂದಾಗಲಿ ಒಬ್ಬ ಕಾರ್ಮಿಕನ ಖಾಸಗಿ ಒಪ್ಪಿಗೆಯೆಂದಾಗಲಿ ನೋಡದೆ ಸಾಮೂಹಿಕ ತೀರ್ಮಾನವೆಂದು ನೋಡಿದ ಈ ಕ್ರಮ, ನನ್ನ ದೃಷ್ಟಿಯಲ್ಲಿ, ಇಡೀ ಅಮೆರಿಕದ ಕಾರ್ಮಿಕ ಶಾಸನದಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು. ಅದಕ್ಕೆ ಹೋಲಿಸಿದರೆ ವರ್ಮಾಂಟ್‌ನ 2013ರ ಕಾಯ್ದೆ ಮೃದು: ಕಾರ್ಮಿಕರು ಅನುಕೂಲದ ವೇಳೆಯನ್ನು ಕೇಳಬಹುದು, ಮಾಲೀಕರು ಸದ್ಭಾವದಿಂದ ಚರ್ಚಿಸಬೇಕು, ಅಷ್ಟೆ.

ಓರೆಗಾನ್ 2017ರಲ್ಲಿ ಬೇರೆಯದೇ ದಾರಿ ಹಿಡಿಯಿತು. ಸ್ಯಾನ್‌ಫ್ರಾನ್ಸಿಸ್ಕೊ, ಸಿಯಾಟಲ್‌ನಂಥ ನಗರಗಳು ಮೊದಲು ಮಾಡಿದ್ದನ್ನು ಇಡೀ ರಾಜ್ಯಕ್ಕೆ ಅನ್ವಯಿಸಿದ ಮೊದಲ ಕಾಯ್ದೆ ಅದು. ಚಿಲ್ಲರೆ ವ್ಯಾಪಾರ, ಹೋಟೆಲ್, ಆಹಾರ ಸೇವೆಗಳಲ್ಲಿ 500ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಸಂಸ್ಥೆಗಳಿಗೆ ಅದು ಅನ್ವಯ. ಪಾಳಿಯ ಪಟ್ಟಿಯನ್ನು ಮೊದಲು ಏಳು ದಿನ, 2020ರ ಜುಲೈನಿಂದ ಹದಿನಾಲ್ಕು ದಿನ ಮುಂಚಿತವಾಗಿ ಕೊಡಬೇಕು. ಆಮೇಲೆ ಪಾಳಿ ರದ್ದು ಮಾಡಿದರೆ ಅಥವಾ ಮೊಟಕು ಮಾಡಿದರೆ, ದುಡಿಯದ ಆ ಗಂಟೆಗಳಿಗೂ ಅರ್ಧ ಕೂಲಿ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ, ಒಂದು ಸಾಧಾರಣ ತಿಂಗಳಲ್ಲಿ ಎಷ್ಟು ಗಂಟೆ ಕೆಲಸ ನಿರೀಕ್ಷಿಸಬಹುದು ಎಂಬ ಅಂದಾಜನ್ನು ಬರೆದುಕೊಡಬೇಕು. ಈ ಕೊನೆಯ ನಿಯಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಖಾಲಿ ಜಾಗವನ್ನು ಈಗ ಅಳೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ ವಾರಕ್ಕೆ 800 ಡಾಲರ್ ಸಂಬಳದ ಕಾರ್ಮಿಕರೊಬ್ಬರಿಗೆ ಕೆಲಸ ಪೂರ್ತಿ ಹೋದರೆ ಸಿಗುವ ಪರಿಹಾರ 400 ಡಾಲರ್. ಕೆಲಸ ಹೋಗದೆ ಗಂಟೆ ಮಾತ್ರ ಐದರಲ್ಲಿ ಒಂದು ಪಾಲು ಕಡಿತವಾಗಿ ಸಂಬಳ 640ಕ್ಕೆ ಇಳಿದರೆ? ಆ ಗಳಿಕೆಯಲ್ಲಿ ಕಾಲುಭಾಗವನ್ನು ರಾಜ್ಯ ಲೆಕ್ಕಕ್ಕೆ ಹಿಡಿಯುವುದಿಲ್ಲ; ಉಳಿದ 480 ಡಾಲರ್ ಪರಿಹಾರದ ಮೊತ್ತಕ್ಕಿಂತ ಹೆಚ್ಚು. ಹಾಗಾಗಿ ಅವರು ಕಾನೂನಿನ ಕಣ್ಣಿನಲ್ಲಿ ನಿರುದ್ಯೋಗಿಯೇ ಅಲ್ಲ. ವಾರಕ್ಕೆ 160 ಡಾಲರ್ ನಷ್ಟ ಪೂರ್ತಿ ಅವರದು. ಪರಿಹಾರವೇ ಇಲ್ಲವಾದ್ದರಿಂದ ಮಾಲೀಕರ ವಂತಿಗೆ ದರವೂ ಏರುವುದಿಲ್ಲ. ಒಬ್ಬರನ್ನು ತೆಗೆದರೆ ದಂಡ, ಐವರ ಗಂಟೆ ಕತ್ತರಿಸಿದರೆ ಏನೂ ಇಲ್ಲ. ಮಾಲೀಕನಿಗೆ ಹೊಣೆ ಕಲಿಸಲು ಹುಟ್ಟಿದ ಕಾನೂನು, ಅವನು ಹೊಣೆಯಿಂದ ಜಾರಿಕೊಳ್ಳುವ ದಾರಿಯನ್ನೂ ತೆರೆದಿಟ್ಟಿದೆ. ಓರೆಗಾನ್‌ನಂಥ ಕಾಯ್ದೆಯೂ ಈ ದಾರಿಯನ್ನು ಮುಚ್ಚುವುದಿಲ್ಲ, ಏಕೆಂದರೆ ಹದಿನೈದು ದಿನ ಮೊದಲೇ ಹೇಳಿ ಗಂಟೆ ಕಡಿಮೆ ಮಾಡಿದರೆ ಅರ್ಧ ಕೂಲಿಯ ಮಾತೇ ಬರುವುದಿಲ್ಲ. ವೇಳಾಪಟ್ಟಿಯ ಕಾಯ್ದೆ ಮೊದಲ ಹದಿನಾಲ್ಕು ದಿನಗಳನ್ನು ಕಾಯುತ್ತದೆ. ಈ ಉದಾಹರಣೆಯಲ್ಲಿ ವಿಮೆ ಎಚ್ಚರಗೊಳ್ಳುವುದು ಗಳಿಕೆ ಮೂರನೇ ಎರಡರಷ್ಟಕ್ಕಿಂತ ಕೆಳಗೆ ಕುಸಿದ ಮೇಲೆ. ನಡುವಿನ ನಷ್ಟಕ್ಕೆ ವಾರಸುದಾರರಿಲ್ಲ.

ವಂತಿಗೆ ಸಂಗ್ರಹದ ಕಡೆಗೆ ತಿರುಗಿದರೆ ಇದೇ ದೋಷದ ಇನ್ನೊಂದು ಮುಖ ಕಾಣುತ್ತದೆ. ಕೇಂದ್ರ ತೆರಿಗೆ ಬೀಳುವುದು ಪ್ರತಿ ಕಾರ್ಮಿಕರ ವಾರ್ಷಿಕ ಸಂಬಳದ ಮೊದಲ 7,000 ಡಾಲರ್‌ಗಳ ಮೇಲೆ ಮಾತ್ರ. 1939ರಲ್ಲಿ ಈ ಮಿತಿಯನ್ನು 3,000 ಎಂದು ಇಟ್ಟಾಗ ಅದು ಬಹುತೇಕ ಕಾರ್ಮಿಕರ ಇಡೀ ಸಂಬಳವನ್ನು ಒಳಗೊಳ್ಳುತ್ತಿತ್ತು. 1983ರಲ್ಲಿ 7,000ಕ್ಕೆ ಏರಿದ ಅದು ಮತ್ತೆ ಅಲುಗಿಲ್ಲ. ಕ್ಯಾಲಿಫೋರ್ನಿಯಾ ತನ್ನ ರಾಜ್ಯ ವಂತಿಗೆಗೂ ಅದೇ ಮಿತಿಯನ್ನು ಇಟ್ಟುಕೊಂಡಿದೆ. ಅಲ್ಲಿ ಹೊಸ ಮಾಲೀಕರ ದರ ಶೇ. 3.4, ಅಂದರೆ ತಲೆಗೆ 238 ಡಾಲರ್. ವರ್ಷಕ್ಕೆ 40,000 ಗಳಿಸುವ ಒಬ್ಬರಿಗೂ 238, ತಲಾ 20,000 ಗಳಿಸುವ ಇಬ್ಬರು ಅರೆಕಾಲಿಕರಿಗೆ ಒಟ್ಟು 476. ಸಂಬಳದ ಮೇಲಿನ ವಂತಿಗೆ ಎಂದು ಹೆಸರಿದ್ದರೂ ನಡೆಯುತ್ತಿರುವುದು ತಲೆಗಂದಾಯ. ಮಕ್ಕಳ ಪಾಲನೆಗೆಂದೋ ಓದಿಗೆಂದೋ ಅರ್ಧ ವೇಳೆ ಕೇಳುವವರನ್ನು ಅದು ದುಬಾರಿಯಾಗಿಸುತ್ತದೆ. ವಾಷಿಂಗ್ಟನ್ ರಾಜ್ಯ ಹೀಗಲ್ಲ. ಅಲ್ಲಿನ ಮಿತಿ ಸರಾಸರಿ ಸಂಬಳದೊಂದಿಗೆ ತಾನೂ ಏರುತ್ತದೆ. 2024ರಲ್ಲಿ ಅದು 68,500 ಡಾಲರ್ ಆಗಿತ್ತು. ಅಲ್ಲಿ ಒಂದೇ ದರದಲ್ಲಿ ಇಬ್ಬರು ಅರೆಕಾಲಿಕರಿಗೂ ಒಬ್ಬ ಪೂರ್ಣಕಾಲಿಕರಿಗೂ ವಂತಿಗೆ ಸಮ. ಅರ್ಹತೆಯನ್ನೂ ಅದು ಗಂಟೆಯಲ್ಲೇ ಅಳೆಯುತ್ತದೆ: ಆಧಾರ ವರ್ಷದಲ್ಲಿ 680 ಗಂಟೆ. ಗಂಟೆ ಅಥವಾ ಸಂಬಳ ಕಾಲುಭಾಗ ಕಡಿತವಾದರೆ ಕೆಲಸ ಬಿಡಲು ಅದು ಸಕಾರಣವೆಂದೂ ಒಪ್ಪುತ್ತದೆ. ವೇಳಾಪಟ್ಟಿಯ ಬಗ್ಗೆ ಓರೆಗಾನ್‌ನಂಥ ಕಾಯ್ದೆ ವಾಷಿಂಗ್ಟನ್ ರಾಜ್ಯಮಟ್ಟದಲ್ಲಿ ಮಾಡದಿದ್ದರೂ, ವಿಮೆಯ ಮೂಲಕವೇ ಪಾಳಿ ಕೆಲಸಗಾರರಿಗೆ ಹೆಚ್ಚು ನ್ಯಾಯ ಒದಗಿಸಿದೆ ಎಂದು ನನ್ನ ಅಭಿಪ್ರಾಯ.

ಸಂಗ್ರಹ ಸೊರಗಿದರೆ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿತು. ಕೇಂದ್ರದಿಂದ ಸಾಲ ಪಡೆದು ತೀರಿಸದ ರಾಜ್ಯಗಳ ಮಾಲೀಕರಿಗೆ ಕೇಂದ್ರ ತೆರಿಗೆ ವರ್ಷಕ್ಕೆ ಶೇ. 0.3ರಂತೆ ಏರುತ್ತ ಹೋಗುತ್ತದೆ. ಸುಮಾರು 2,000 ಕೋಟಿ ಡಾಲರ್ ಸಾಲ ಹೊತ್ತ ಕ್ಯಾಲಿಫೋರ್ನಿಯಾದಲ್ಲಿ ಈ ಏರಿಕೆ 2022ರಲ್ಲಿ ಶುರುವಾಯಿತು. ಸಾಲ ಬಾಕಿಯಿಲ್ಲದ ರಾಜ್ಯಗಳಲ್ಲಿ ತಲೆಗೆ 42 ಡಾಲರ್ ಇರುವ ತೆರಿಗೆ ಅಲ್ಲಿ 2024ನೇ ಸಾಲಿಗೆ 105 ಡಾಲರ್ ಆಯಿತು. ಇದೂ ಅದೇ 7,000ದ ಮೇಲೆ, ಆದ್ದರಿಂದ ಕಡಿಮೆ ಗಂಟೆಯವರ ಮೇಲೇ ಹೆಚ್ಚು ಭಾರ. ನ್ಯೂಯಾರ್ಕ್‌ನಲ್ಲಿ ಸಾಲದ ಬಿಸಿ ಪರಿಹಾರಕ್ಕೂ ತಟ್ಟಿತು: 2019ರಿಂದ ಗರಿಷ್ಠ ಪರಿಹಾರ 504 ಡಾಲರ್‌ಗೆ ನಿಂತುಬಿಟ್ಟಿತ್ತು. 2025ರಲ್ಲಿ ರಾಜ್ಯ ತನ್ನ ಬಜೆಟ್ಟಿನಿಂದ ಸಾಲ ತೀರಿಸಿದ ಮೇಲೆಯೇ ಅದು 869ಕ್ಕೆ ಏರಿದ್ದು.

ಖಾಲಿ ಜಾಗವನ್ನು ತುಂಬಲು ಅಮೆರಿಕದಲ್ಲಿ ಒಂದು ಉಪಾಯ ಬಹಳ ಕಾಲದಿಂದ ಇದೆ: ಕೆಲಸ ಹಂಚಿಕೆಯ ಪರಿಹಾರ. ಆಸ್ತಿ ತೆರಿಗೆಯನ್ನು ಇಳಿಸಿದ 1978ರ ಜನಮತದ ನಂತರ ಸರ್ಕಾರಿ ನೌಕರರ ಸಾಮೂಹಿಕ ವಜಾ ಆಗಬಹುದೆಂಬ ಭಯದಲ್ಲಿ ಕ್ಯಾಲಿಫೋರ್ನಿಯಾ ಇದನ್ನು ದೇಶದಲ್ಲೇ ಮೊದಲು ತಂದಿತು. ಮಾಲೀಕರು ಒಬ್ಬರನ್ನು ತೆಗೆಯುವ ಬದಲು ಐವರ ಗಂಟೆಯನ್ನು ಐದನೇ ಒಂದು ಪಾಲು ಕಡಿಮೆ ಮಾಡಿದರೆ, ಪ್ರತಿಯೊಬ್ಬರಿಗೂ ಪರಿಹಾರದ ಐದನೇ ಒಂದು ಪಾಲು ಸಿಗುತ್ತದೆ. ವಾರಕ್ಕೆ 800 ಡಾಲರ್ ಸಂಬಳದ ಮೇಲಿನ ಉದಾಹರಣೆಯಲ್ಲಿ ತಲಾ 80 ಡಾಲರ್, ಐವರಿಗೆ 400. ಒಬ್ಬರನ್ನು ತೆಗೆದಿದ್ದರೆ ನಿಧಿಯಿಂದ ಹೋಗುತ್ತಿದ್ದ ಮೊತ್ತವೂ ಅಷ್ಟೇ. ನಿಧಿಗೆ ಹೊರೆ ಹೆಚ್ಚಲಿಲ್ಲ, ಐದು ಮನೆಗಳಲ್ಲಿ ಕೆಲಸ ಉಳಿಯಿತು. 2012ರ ಕೇಂದ್ರ ಕಾಯ್ದೆ ಶೇ. 10ರಿಂದ 60ರವರೆಗಿನ ಕಡಿತಕ್ಕೆ ಇದನ್ನು ಅನ್ವಯಿಸುವಂತೆ ವ್ಯಾಖ್ಯಾನಿಸಿತು; 2020ರಲ್ಲಿ ಇಂಥ ಯೋಜನೆಯಿದ್ದ ರಾಜ್ಯಗಳ ವೆಚ್ಚವನ್ನು ಕೇಂದ್ರ ಪೂರ್ತಿ ಭರಿಸಿತು. ಆದರೂ ಯೋಜನೆ ಜರ್ಮನಿಯಲ್ಲಿ ಬೇರುಬಿಟ್ಟಂತೆ ಅಮೆರಿಕದಲ್ಲಿ ಬಿಡಲಿಲ್ಲ, ಅದು ಜಾರಿಗೇ ಬರದ ರಾಜ್ಯಗಳೂ ಹಲವಿವೆ.

ಇದಕ್ಕೆ ಮಾಲೀಕರ ನಿರಾಸಕ್ತಿಯೊಂದೇ ಕಾರಣವೆಂದು ಹೇಳಿ ಮುಗಿಸುವುದು ಸರಿಯಲ್ಲ. ಅರ್ಜಿ ಹಾಕಬೇಕಾದವರು ಮಾಲೀಕರೇ. ಕಾರ್ಮಿಕರು ತಾವಾಗಿ ಕೇಳುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಋತುಮಾನದ, ತಾತ್ಕಾಲಿಕ, ಆಗಾಗ ಮಾತ್ರ ಕರೆಸಿಕೊಳ್ಳುವ ಕೆಲಸಗಾರರಿಗೆ ಇದರಲ್ಲಿ ಜಾಗವಿಲ್ಲ. ಆಡಳಿತದ ದೃಷ್ಟಿಯಿಂದ ಇದಕ್ಕೆ ತರ್ಕವಿದೆ. ಎಷ್ಟು ಕಡಿತವಾಯಿತೆಂದು ಹೇಳಲು ಮಾಮೂಲು ಗಂಟೆ ಎಷ್ಟೆಂದು ಗೊತ್ತಿರಬೇಕಲ್ಲ. ಪ್ರತಿ ವಾರವೂ ಬೇರೆಯಾಗುವ ಪಾಳಿಗೆ ಮಾಮೂಲು ಎಲ್ಲಿಂದ ತರುವುದು? ಓರೆಗಾನ್‌ನ ಬರೆದುಕೊಡುವ ಅಂದಾಜು ಉಪಯೋಗಕ್ಕೆ ಬರುವುದು ಇಲ್ಲೇ. ಕೆಲಸಕ್ಕೆ ಸೇರುವಾಗ ಮಾಲೀಕರೇ ಸಹಿ ಹಾಕಿಕೊಟ್ಟ ತಿಂಗಳ ಗಂಟೆಗಳ ಸಂಖ್ಯೆಯನ್ನು ವಿಮೆಯ ಆಧಾರ ಸಂಖ್ಯೆಯಾಗಿ ಸ್ವೀಕರಿಸಿದರೆ, ಅದಕ್ಕಿಂತ ಶೇ. 10 ಕೆಳಗಿಳಿದ ಕೂಡಲೇ ಪಾಲು ಪರಿಹಾರ ಶುರುವಾಗಬಹುದು, ಆ ಪರಿಹಾರ ಮಾಲೀಕರ ಖಾತೆಗೆ ಬರೆಯಲ್ಪಡಬಹುದು. ಅಂದಾಜನ್ನು ಉಬ್ಬಿಸಿ ಜನರನ್ನು ಸೆಳೆಯುವ ಆಸೆಗೂ, ತಗ್ಗಿಸಿ ಹೊಣೆ ತಪ್ಪಿಸಿಕೊಳ್ಳುವ ಆಸೆಗೂ ಆಗ ಎರಡು ಕಡೆಯಿಂದ ಬೆಲೆ ತೆರಬೇಕಾಗುತ್ತದೆ. ಕಾರ್ಮಿಕ ಇಲಾಖೆಯ ಒಂದು ಕಡತವನ್ನು ವಿಮಾ ಇಲಾಖೆ ಓದಿದರೆ ಸಾಕು; ಹೊಸ ನಿಧಿ ಬೇಕಿಲ್ಲ.

ಕರ್ನಾಟಕದ ಓದುಗರಿಗೆ ಈ ಪ್ರಶ್ನೆ ದೂರದ್ದಲ್ಲ. 2023ರಲ್ಲಿ ರಾಜ್ಯವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ವೇಳೆಯನ್ನು 12 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಮಾಡಿತು. ಇಲ್ಲಿ ಕ್ಯಾಲಿಫೋರ್ನಿಯಾದ ಗುಪ್ತ ಮತದಾನದಂಥದ್ದು ಇಲ್ಲ. ನಿರುದ್ಯೋಗ ಪರಿಹಾರವೋ ರಾಜ್ಯದ ಕೈಯಲ್ಲೇ ಇಲ್ಲ. ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕರಿಗೆ 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಕೇಂದ್ರದ್ದು. 2020ರಲ್ಲಿ ಹೆಚ್ಚಿಸಿದ ದರದಂತೆ ಅದು ಕೊಡುವುದು ಸರಾಸರಿ ದಿನಗೂಲಿಯ ಅರ್ಧ, ಗರಿಷ್ಠ 90 ದಿನ. ಕೆಲಸ ಪೂರ್ತಿ ಹೋದವರಿಗೆ ಮಾತ್ರ ಅದು; ಆರ್ಡರ್ ಇಲ್ಲದೆ ಪಾಳಿ ಕಡಿಮೆಯಾದ ಪೀಣ್ಯದ ಕಾರ್ಮಿಕರಿಗೆ ಅದರಲ್ಲಿ ದಾರಿಯಿಲ್ಲ. ವೇಳೆಯನ್ನು ಸಡಿಲಿಸುವ ಅಧಿಕಾರ ಬೆಂಗಳೂರಿನಲ್ಲಿ, ಸಡಿಲಿಕೆಯ ನಷ್ಟಕ್ಕೆ ವಿಮೆ ದೆಹಲಿಯಲ್ಲಿ.

2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಸಂಗ್ರಹದ ವಿಷಯದಲ್ಲಿ ಹೊಸದೊಂದು ಅಳತೆಗೋಲು ಹಿಡಿದಿದೆ. ಕಾರ್ಮಿಕರಿಗೆ ಆ್ಯಪ್ ಕಂಪನಿ ಪ್ರತಿ ವಹಿವಾಟಿನಲ್ಲಿ ಕೊಡುವ ಹಣದ ಮೇಲೆ ಶೇ. 1ರಿಂದ 5ರಷ್ಟು ಶುಲ್ಕ. ತಲೆಗಂದಾಯದ ದೋಷ ಇದರಲ್ಲಿಲ್ಲ. ಒಂದು ಗಂಟೆ ದುಡಿದರೂ ಹತ್ತು ಗಂಟೆ ದುಡಿದರೂ ವಂತಿಗೆ ಅದೇ ಪ್ರಮಾಣದಲ್ಲಿ ಬೀಳುತ್ತದೆ. ಕ್ಯಾಲಿಫೋರ್ನಿಯಾ ಇದುವರೆಗೆ ಸರಿಪಡಿಸಲಾಗದ ಅರ್ಧವನ್ನು ನಾವು ಸರಿಯಾಗಿ ಬರೆದಿದ್ದೇವೆ. ಸವಲತ್ತಿನ ಅರ್ಧವನ್ನು ಕಾಯ್ದೆ ಮುಂದೆ ರೂಪಿಸುವ ಯೋಜನೆಗಳಿಗೆ ಬಿಟ್ಟಿದೆ. ಆ ಯೋಜನೆಗಳನ್ನು ಬರೆಯುವವರು ಆರ್ಡರ್ ಬಾರದ ವಾರಕ್ಕೂ ಪರಿಹಾರ ಕೊಡಬೇಕು. ಅದನ್ನು ಲೆಕ್ಕ ಹಾಕುವಾಗ ದಿನಗಳನ್ನಲ್ಲ, ಕಂಪನಿಗಳ ಬಳಿ ಈಗಾಗಲೇ ದಾಖಲಾಗಿರುವ ಲಾಗಿನ್ ಗಂಟೆಗಳನ್ನು ಎಣಿಸಬೇಕು.