ನರಗುಂದದ ಕೋಟೆ, ರಾಮದುರ್ಗದ ಪತ್ರ

ನರಗುಂದದ ಗುಡ್ಡ ಕಂಡವರಿಗೆ ಗೊತ್ತು, ಆ ಕೋಟೆಯನ್ನು ಸುಮ್ಮನೆ ಹತ್ತೋಕಾಗಲ್ಲ. ಆದರೂ 1858ರಲ್ಲಿ ಬಾಬಾಸಾಹೇಬ ಭಾವೆಯವರ ಗುಟ್ಟು ಹೊರಬಿದ್ದದ್ದು ಗೋಡೆ ಒಡೆದು ಅಲ್ಲ. ಬಂಡಾಯಕ್ಕೆ ಕೈಜೋಡಿಸು ಎಂದು ಅವರು ಬರೆದಿದ್ದ ಪತ್ರ, ಮಲಸಹೋದರನೇ ಆಗಿದ್ದ ರಾಮದುರ್ಗದ ಸಂಸ್ಥಾನಿಕನಿಂದ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೈ ಸೇರಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್‌ನನ್ನು ಬಾಬಾಸಾಹೇಬರ ಕಡೆಯವರು ಕೊಂದರು. ಜೂನ್ ಮೊದಲ ವಾರದಲ್ಲೇ ಕೋಟೆ ಹೋಯ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು.

ಇದನ್ನ ಈಗ ಯಾಕೆ ಹೇಳ್ತಿದೀನಿ ಅಂದ್ರೆ, ಸೈಬರ್ ಸೆಕ್ಯುರಿಟಿ ಕೆಲಸದ ಮೊದಲ ಪಾಠವೂ ಇದೇ. ಕಳ್ಳ ಗೋಡೆ ಹಾರೋದು ಕಮ್ಮಿ. ನಂಬಿದವರ ಕೈಲಿರೋ ಕೀಲಿ ಇಸ್ಕೊಂಡು ಬಾಗಿಲಿಂದಲೇ ಬರ್ತಾನೆ.

ಈ ಕಾವಲಿಗೆ ನಮ್ಮಲ್ಲಿ ದೊಡ್ಡ ಇತಿಹಾಸವೇನಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದದ್ದು 2000ದಲ್ಲಿ. ಮರುವರ್ಷವೇ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾಯ್ತು. ಆಗ ಇದಕ್ಕೆಂದೇ ಓದಿ ಬಂದ ಪೊಲೀಸರು ಎಲ್ಲಿದ್ದರು ಹೇಳಿ? ಕೇಸು ಹಿಡಿದು, ಹಾರ್ಡ್ ಡಿಸ್ಕ್ ಬಿಚ್ಚಿ, ಮಾಡ್ತಾ ಮಾಡ್ತಾ ಕಲಿಯಬೇಕಾಯ್ತು. ಇವತ್ತಿಗೂ ಈ ವಿದ್ಯೆ ಹಾಗೇ. ಕಂಪನಿಗಳ ನಿಗಾ ಕೇಂದ್ರದಲ್ಲಿ ಹೊಸಬರಿಗೆ ಸಿಗೋದು ರಾತ್ರಿ ಪಾಳಿ. ಪರದೆ ಮೇಲೆ ಎಚ್ಚರಿಕೆಗಳು ಬರ್ತಾನೇ ಇರ್ತವೆ, ಯಾವುದು ಸುಳ್ಳು, ಯಾವುದು ನಿಜ ಅಂತ ಆರಿಸಬೇಕು. ಬೇಸರದ ಕೆಲಸ, ಆದ್ರೆ ಕಣ್ಣು ಪಳಗೋದು ಅಲ್ಲೇ.

ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ, ರೋಣದ ರೈತನ ಮಗ ಸಿಕ್ಕಿಕೊಳ್ಳೋದು ಇಲ್ಲೇ. ‘ಕೆಲಸ ಗ್ಯಾರಂಟಿ’ ಅನ್ನೋ ಬೋರ್ಡ್ ನಂಬಿ ಅಪ್ಪ ಸಾಲ ಮಾಡಿ ಫೀಸು ಕಟ್ಟಿರ್ತಾನೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆ: ಅನುಭವ ಎಷ್ಟಿದೆ? ಕೆಲಸ ಕೊಡದೆ ಅನುಭವ ಕೇಳೋದು, ಈಜು ಬಂದಮೇಲೇ ನೀರಿಗಿಳಿ ಅಂದಹಾಗೆ. ಸರ್ಟಿಫಿಕೇಟುಗಳೂ ಎಲ್ಲಾ ಒಂದೇ ಅಲ್ಲ. ಉತ್ತರಕ್ಕೆ ಟಿಕ್ ಹಾಕಿಸೋ ಪರೀಕ್ಷೆ ಬೇರೆ. ಓಎಸ್‌ಸಿಪಿ ಥರ ಹೆಚ್ಚುಕಮ್ಮಿ ಒಂದು ದಿನ ಕೂರಿಸಿ ಯಂತ್ರಗಳನ್ನು ಭೇದಿಸಿ ತೋರಿಸು ಅನ್ನೋದು ಬೇರೆ. ಫೀಸು ಕಟ್ಟೋ ಮುಂಚೆ ಅಪ್ಪಂದಿರು ಇದನ್ನು ಕೇಳಲೇಬೇಕು.

ಅನುಭವ ಬೆಂಗಳೂರಲ್ಲೇ ಸಿಗಬೇಕಾ? ನನಗೆ ಹಾಗನ್ನಿಸಲ್ಲ. 2019ರ ಡಿಸೆಂಬರ್ 31ರಂದು ರಿಸರ್ವ್ ಬ್ಯಾಂಕ್ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಹಂತಹಂತದ ಸೈಬರ್ ಭದ್ರತಾ ನಿಯಮ ಹೊರಡಿಸಿತು. ವ್ಯವಹಾರ ಹೆಚ್ಚಿದಂತೆ ಹೊಣೆಯೂ ಹೆಚ್ಚು. 2022ರಿಂದ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್‌ಗೆ ತಿಳಿಸಬೇಕು. ಅಂದಮೇಲೆ ನೋಡೋಕೆ ಒಂದು ಜೊತೆ ಕಣ್ಣು ಬೇಕಲ್ವಾ? ಆ ಕಣ್ಣು ಊರಿನ ಹುಡುಗರದ್ದೇ ಆಗಲಿ, ಸಂಬಳ ಕೊಟ್ಟು ಕಲಿಸಲಿ.

ನಿಮ್ಮ ದುಡ್ಡು ಇಂಥ ಬ್ಯಾಂಕಲ್ಲಿದ್ದು, ನೀವು ಸದಸ್ಯರಾಗಿದ್ದರೆ, ಸರ್ವಸದಸ್ಯರ ಸಭೆಗೆ ಹೋಗಿ. ಡಿವಿಡೆಂಡ್ ಎಷ್ಟು ಅಂತ ಕೇಳಿದ ಮೇಲೆ ಇನ್ನೊಂದು ಕೇಳಿ: ರಾತ್ರಿ ಹೊತ್ತು ನಮ್ಮ ಕಂಪ್ಯೂಟರ್ ಕಾಯೋರು ಯಾರು?