ದೊಡ್ಡಮ್ಮನ ಟ್ರಂಕಿನಲ್ಲಿದ್ದ ಚೀಟಿ: ಮಕ್ಕಳ ರಕ್ತ ಕ್ಯಾನ್ಸರ್‌ಗೆ ಔಷಧ ಹುಡುಕಿದ ಕಥೆ

ಇವತ್ತಿನ ಸಂಚಿಕೆ ಒಂದು ಚೀಟಿಯಿಂದ ಶುರುವಾಗುತ್ತೆ.

ಅರಸೀಕೆರೆ ಹತ್ತಿರ ನಮ್ಮ ದೊಡ್ಡಮ್ಮನ ಊರು. ಕೆಲವು ವರ್ಷಗಳ ಹಿಂದೆ ಹಳೇ ಮನೆ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕು ಸಿಕ್ಕಿತು. ಒಳಗೆ ಕಂದಾಯದ ರಸೀದಿಗಳು, ಒಂದು ಸಣ್ಣ ಸ್ವೆಟರು, ಸ್ವೆಟರಿನ ಮಡಿಕೆಯಲ್ಲಿ ಆಸ್ಪತ್ರೆಯ ಚೀಟಿ. 1976ನೇ ಇಸವಿಯದ್ದು. ಕಾಯಿಲೆಯ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಮೂರೇ ಅಕ್ಷರ: ಎ, ಎಲ್, ಎಲ್. ಕೆಳಗೆ ಎರಡು ಔಷಧ: ಪ್ರೆಡ್ನಿಸೋಲೋನ್, ವಿನ್‌ಕ್ರಿಸ್ಟಿನ್.

ಅದು ದೊಡ್ಡಮ್ಮನ ಮಗನ ಚೀಟಿ. ನನಗಾಗ ಆರು ವರ್ಷ, ಅವನಿಗೆ ಎಂಟು. ಜ್ವರ ಬಿಡಲಿಲ್ಲ, ವಸಡಿನಲ್ಲಿ ರಕ್ತ, ಮೈಮೇಲೆ ಕಪ್ಪು ಕಲೆಗಳು. ಬೆಂಗಳೂರಿಗೆ ಕರಕೊಂಡು ಹೋದರು. ವಾರಕ್ಕೊಂದು ಇಂಜೆಕ್ಷನ್, ದಿನಾ ಮಾತ್ರೆ. ತಿಂಗಳೊಪ್ಪತ್ತಿನಲ್ಲಿ ಹುಡುಗ ಎದ್ದು ಕೂತ. ಹಸಿವೋ ಹಸಿವು, ಮುಖ ಗುಂಡಗಾಯಿತು. ‘ಮೈ ಕೈ ತುಂಬ್ಕೊಂಡ, ವಾಸಿ ಆಯ್ತು’ ಅಂತ ಊರೇ ಅಂದಿತು. ದೇವರಿಗೆ ಹರಕೆ ತೀರಿಸಿದರು. ನಾವಿಬ್ಬರೂ ಕಣದಲ್ಲಿ ಗೋಲಿ ಆಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆರೇಳು ತಿಂಗಳಾದ ಮೇಲೆ ಅವನಿಗೆ ತಲೆನೋವು ಶುರುವಾಯಿತು. ಬೆಳಗ್ಗೆ ಎದ್ದ ಕೂಡಲೇ ವಾಂತಿ. ಮುಂದಿನ ಬೇಸಿಗೆಗೆ ಅವನಿರಲಿಲ್ಲ.

ದೊಡ್ಡಮ್ಮ ಇವತ್ತಿಗೂ ಹೇಳುವುದು ಒಂದೇ ಮಾತು: ‘ಬಿಸಿಲಲ್ಲಿ ಆಡಕ್ಕೆ ಬಿಟ್ಟೆ ಕಣಪ್ಪ, ಅದಕ್ಕೇ ತಲೆನೋವು ಬಂತು.’

ಆ ಚೀಟಿ ಹಿಡಕೊಂಡು ನನಗೆ ಬಂದ ಪ್ರಶ್ನೆ ಇಷ್ಟೇ. ಈ ಎರಡು ಔಷಧ ಎಲ್ಲಿಂದ ಬಂದವು? ಹುಡುಗ ಅಷ್ಟು ಚೆನ್ನಾಗಿ ಚೇತರಿಸಿಕೊಂಡು, ಆಮೇಲೆ ತಲೆನೋವಿನಿಂದಲೇ ಯಾಕೆ ಹೋದ? 1976ರಲ್ಲಿ ಪ್ರಪಂಚಕ್ಕೆ ಏನು ಗೊತ್ತಿತ್ತು?

ಎಎಲ್‌ಎಲ್ ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಮೂಳೆಯ ಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಬಲಿಯುವ ಮೊದಲೇ ಲೆಕ್ಕವಿಲ್ಲದಷ್ಟು ಹುಟ್ಟಿಕೊಂಡು, ಉಳಿದ ಕಣಗಳಿಗೆ ಜಾಗವೇ ಇಲ್ಲದ ಹಾಗೆ ಮಾಡುತ್ತವೆ. ಗೆಡ್ಡೆ ಇಲ್ಲ, ಹಾಗಾಗಿ ಕತ್ತರಿಸಿ ತೆಗೆಯುವ ಮಾತೇ ಇಲ್ಲ. 1947ರವರೆಗೆ ಇದಕ್ಕೆ ಔಷಧ ಅನ್ನುವುದೇ ಇರಲಿಲ್ಲ. ಮಗು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು.

ಮೊದಲ ಔಷಧದ ಕಥೆಗೆ ಮುಂಬೈಯಿಂದ ಹೊರಡಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಿಗೆ ಒಂದು ಬಗೆಯ ರಕ್ತಹೀನತೆ ಬರುತ್ತಿತ್ತಲ್ಲ, ಅದರ ಕಾರಣ ಹುಡುಕುವುದು ಅವರ ಕೆಲಸ. ಯೀಸ್ಟಿನ ಸಾರ, ಅಂದರೆ ಬ್ರಿಟಿಷರು ಬ್ರೆಡ್ಡಿಗೆ ಹಚ್ಚಿಕೊಳ್ಳುವ ಮಾರ್ಮೈಟ್, ಕೊಟ್ಟರೆ ರಕ್ತ ತುಂಬಿಕೊಳ್ಳುತ್ತೆ ಅನ್ನೋದನ್ನ ಕಂಡುಕೊಂಡರು. ಅದರೊಳಗಿನ ವಸ್ತು ಯಾವುದು ಅಂತ ಮುಂದೆ ಗೊತ್ತಾಯಿತು: ಫೋಲಿಕ್ ಆಸಿಡ್. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಹಂಚುವ ಕಬ್ಬಿಣದ ಮಾತ್ರೆಯಲ್ಲಿ ಇರುವುದೂ ಇದೇ.

ಈ ಫೋಲಿಕ್ ಆಸಿಡ್ಡನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ, 1945ರಲ್ಲಿ. ಅಲ್ಲಿ ಸಂಶೋಧನೆಯ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದವರು. ಇಬ್ಬರು ಸೋದರರನ್ನು ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಕಳೆದುಕೊಂಡವರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟು ಬರುತ್ತಿದ್ದರು ಅಂತ ಇಂಗ್ಲಿಷ್ ಪ್ರೊಫೆಸರಿಗೆ ಸಿಟ್ಟು. ಪೂರ್ಣ ಎಂಬಿಬಿಎಸ್ ಸಿಗಲಿಲ್ಲ, ಎಲ್‌ಎಂಎಸ್ ಅಷ್ಟೇ ಸಿಕ್ಕಿತು. ಬಾಸ್ಟನ್‌ಗೆ ಹೋದ ಹೊಸತರಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ರೋಗಿಗಳ ಬೆಡ್‌ಪ್ಯಾನ್ ಎತ್ತಿದರು. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಹಾಗಾಗಿ 1940ರಲ್ಲಿ ಲೆಡರ್ಲಿ ಸೇರಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಇವರಿಗೆ ಸಿಕ್ಕಿರುವ ಜಾಗ ಬಹಳ ಕಮ್ಮಿ, ಇದು ನನ್ನ ಹಳೇ ತಕರಾರು. ಇರಲಿ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ಪೆಥಾಲಜಿಸ್ಟ್ ಇದ್ದರು. ಫೋಲಿಕ್ ಆಸಿಡ್ ಮಜ್ಜೆಗೆ ಒಳ್ಳೆಯದು ತಾನೇ, ಹಾಗಿದ್ದರೆ ರಕ್ತ ಕ್ಯಾನ್ಸರ್ ಮಕ್ಕಳಿಗೂ ಒಳ್ಳೆಯದಾಗಬಹುದು ಅಂತ ಅಂಥ ಸಂಯುಕ್ತಗಳನ್ನು ಕೊಟ್ಟು ನೋಡಿದರು. ಆಗಿದ್ದು ಉಲ್ಟಾ. ಕಾಯಿಲೆ ಇನ್ನೂ ಜೋರಾದಂತೆ ಕಂಡಿತು. ಇಲ್ಲಿ ಸ್ವಲ್ಪ ನಿಲ್ಲಿ. ಆ ಮಕ್ಕಳ ಬಗ್ಗೆ ಯೋಚಿಸಿದರೆ ಹೊಟ್ಟೆ ಕಿವುಚುತ್ತೆ, ಇವತ್ತಿನ ಯಾವ ನೈತಿಕ ಸಮಿತಿಯೂ ಅದನ್ನು ಸುಲಭಕ್ಕೆ ಒಪ್ಪಲಿಕ್ಕಿಲ್ಲ. ಆದರೆ ಫಾರ್ಬರ್ ಆ ಸೋಲನ್ನು ಮುಚ್ಚಿಡಲಿಲ್ಲ, ತಿರುಗಿಸಿ ಓದಿದರು. ಫೋಲಿಕ್ ಆಸಿಡ್ ಬೆಂಕಿಗೆ ತುಪ್ಪ ಸುರಿಯುತ್ತೆ ಅಂದಮೇಲೆ, ಅದನ್ನು ತಡೆದರೆ ಬೆಂಕಿ ಆರಬೇಕಲ್ವಾ?

ತಡೆಯುವ ವಸ್ತುವನ್ನು ಸುಬ್ಬರಾವ್ ಅವರ ತಂಡ ಮಾಡಿಕೊಟ್ಟಿತು: ಅಮಿನಾಪ್ಟರಿನ್. ನೋಡೋದಕ್ಕೆ ಫೋಲಿಕ್ ಆಸಿಡ್ಡಿನ ಅವಳಿ, ಆದರೆ ಕೆಲಸ ಮಾಡಲ್ಲ. ಬೀಗದೊಳಗೆ ಹೋಗಿ ಸಿಕ್ಕಿಹಾಕಿಕೊಳ್ಳುವ ಕಳ್ಳ ಕೀಲಿಕೈ ಇದ್ದ ಹಾಗೆ. ಡಿಎನ್‌ಎ ಕಟ್ಟಲಿಕ್ಕೆ ಬೇಕಾದ ಸಾಮಾನು ಸಿಗದೆ ಕ್ಯಾನ್ಸರ್ ಕಣ ಸಾಯುತ್ತೆ. 1947ರ ಡಿಸೆಂಬರ್ 28ರಂದು ಎರಡು ವರ್ಷದ ಒಂದು ಮಗುವಿಗೆ ಅದನ್ನು ಕೊಟ್ಟರು. ಉಬ್ಬಿದ್ದ ಹೊಟ್ಟೆ ಇಳಿಯಿತು, ಮಗು ಎದ್ದು ಓಡಾಡಿತು. 1948ರ ಜೂನ್‌ನಲ್ಲಿ ಫಾರ್ಬರ್ ಲೇಖನ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತ್ತು. ಶೀರ್ಷಿಕೆಯಲ್ಲೇ ‘ತಾತ್ಕಾಲಿಕ’ ಅನ್ನುವ ಪದ ಇತ್ತು, ಆ ಪ್ರಾಮಾಣಿಕತೆ ನನಗೆ ಇಷ್ಟ. ಎಲ್ಲರಿಗೂ ಕಾಯಿಲೆ ಮರಳಿತು. ಲೇಖನ ಬಂದ ಎರಡು ತಿಂಗಳಿಗೆ ಸುಬ್ಬರಾವ್ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅಮಿನಾಪ್ಟರಿನ್‌ನ ತಮ್ಮ ಮೆಥೋಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ.

ಆಮೇಲಿನ ಹದಿನೈದು ವರ್ಷದಲ್ಲಿ ಒಂದರ ಹಿಂದೆ ಒಂದು ಔಷಧ ಬಂದವು. ಸ್ಟಿರಾಯ್ಡ್ ಬಂತು, ನಮ್ಮಣ್ಣನ ಮುಖ ಗುಂಡಗೆ ಮಾಡಿದ್ದು ಅದೇ. 1953ರಲ್ಲಿ ಮರ್ಕ್ಯಾಪ್ಟೋಪ್ಯೂರಿನ್ ಬಂತು. ಅದನ್ನು ಮಾಡಿದವರು ಗರ್ಟ್ರೂಡ್ ಎಲಿಯನ್, ಜೊತೆಗೆ ಜಾರ್ಜ್ ಹಿಚಿಂಗ್ಸ್. ಹೆಂಗಸು ಅನ್ನುವ ಕಾರಣಕ್ಕೆ ಎಲಿಯನ್‌ಗೆ ಲ್ಯಾಬುಗಳಲ್ಲಿ ಕೆಲಸ ಸಿಕ್ಕಿರಲಿಲ್ಲ, ಪಿಎಚ್‌ಡಿ ಮುಗಿಸಲೂ ಆಗಲಿಲ್ಲ. 1988ರಲ್ಲಿ ನೊಬೆಲ್ ಬಂತು. ಗಿನಿ ಹಂದಿಯ ರಕ್ತದ ಸೀರಮ್ ಕೊಟ್ಟರೆ ಇಲಿಗಳ ಗೆಡ್ಡೆ ಕರಗುತ್ತೆ ಅಂತ 1953ರಲ್ಲಿ ಜಾನ್ ಕಿಡ್ ಗಮನಿಸಿದ್ದರು. ಅದರ ಹಿಂದಿನ ಕಿಣ್ವ ಆಸ್ಪರಾಜಿನೇಸ್ ಅಂತ ಗೊತ್ತಾಗಲಿಕ್ಕೆ ಎಂಟು–ಹತ್ತು ವರ್ಷ ಹಿಡಿಯಿತು.

ಇನ್ನು ಚೀಟಿಯಲ್ಲಿದ್ದ ವಿನ್‌ಕ್ರಿಸ್ಟಿನ್. ಇದು ನಿಮ್ಮ ಮನೆ ಮುಂದೆಯೂ ಇರಬಹುದು. ಕಾಶಿ ಕಣಗಿಲೆ, ನಿತ್ಯಪುಷ್ಪ, ಸದಾಪುಷ್ಪ ಅಂತೆಲ್ಲ ಕರೀತೀವಲ್ಲ, ನೀರು ಹಾಕದಿದ್ದರೂ ಹೂ ಬಿಡೋ ಆ ಗಿಡ, ಮೂಲ ಮಡಗಾಸ್ಕರ್‌ನದು. ಸಕ್ಕರೆ ಕಾಯಿಲೆಗೆ ಅದರ ಕಷಾಯ ಒಳ್ಳೆಯದು ಅಂತ ಹಲವು ದೇಶಗಳಲ್ಲಿ ನಂಬಿಕೆ. ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನೇ ಪರೀಕ್ಷಿಸಿದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು! ಅಮೆರಿಕದ ಲಿಲ್ಲಿ ಕಂಪನಿ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಬೇರ್ಪಡಿಸಿತು, 1963ರಲ್ಲಿ ಅನುಮತಿ ಸಿಕ್ಕಿತು. ಹಾಗಂತ ಯಾರೂ ಎಲೆ ಕುದಿಸಿ ಕುಡಿಯಬೇಡಿ ದಯವಿಟ್ಟು. ರಾಶಿಗಟ್ಟಲೆ ಒಣಗಿದ ಎಲೆಯಿಂದ ಸಿಗುವುದು ಚಿಟಿಕೆ ಔಷಧ, ಉಳಿದದ್ದರಲ್ಲಿ ವಿಷವೂ ಇದೆ.

ಇಷ್ಟೆಲ್ಲ ಔಷಧ ಇದ್ದರೂ ಮಕ್ಕಳು ಸಾಯುತ್ತಲೇ ಇದ್ದರು. ಒಂದು ಔಷಧ ಕೊಟ್ಟು, ಅದು ಸೋತ ಮೇಲೆ ಇನ್ನೊಂದು ಕೊಡುವುದು ಆಗಿನ ಪದ್ಧತಿ. ಎಮಿಲ್ ಫ್ರೈ, ಎಮಿಲ್ ಫ್ರೈರೈಕ್ ಎಂಬ ಇಬ್ಬರು ವೈದ್ಯರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಬೇರೆ ಲೆಕ್ಕ ಹಾಕಿದರು. ಕ್ಷಯಕ್ಕೆ ಎರಡು ಮೂರು ಔಷಧ ಒಟ್ಟಿಗೇ ಕೊಡ್ತೀವಲ್ಲ, ಇದಕ್ಕೂ ಯಾಕೆ ಬಾರದು? ವಿನ್‌ಕ್ರಿಸ್ಟಿನ್, ಮೆಥೋಟ್ರೆಕ್ಸೇಟ್, ಮರ್ಕ್ಯಾಪ್ಟೋಪ್ಯೂರಿನ್, ಪ್ರೆಡ್ನಿಸೋನ್ ನಾಲ್ಕನ್ನೂ ಸೇರಿಸಿದರು. ವ್ಯಾಂಪ್ ಅಂತ ಅದರ ಹೆಸರು. ಅರವತ್ತರ ದಶಕದ ಆರಂಭ. ಮಕ್ಕಳನ್ನು ಸಾಯಿಸ್ತೀರಾ ಅಂತ ಬೈಸಿಕೊಂಡರು. ಮೊದಲ ವಾರಗಳಲ್ಲಿ ಮಕ್ಕಳು ನಿಜಕ್ಕೂ ಸಾವಿನ ಅಂಚಿಗೆ ಹೋದರು. ಆಮೇಲೆ ಮಜ್ಜೆ ಸ್ವಚ್ಛವಾಯಿತು, ಹುಡುಕಿದರೂ ಕ್ಯಾನ್ಸರ್ ಕಣ ಕಾಣಲಿಲ್ಲ. ಮಕ್ಕಳು ಮನೆಗೆ ಹೋದರು, ಆಡಿದರು.

ಕೆಲವು ತಿಂಗಳು ಕಳೆದ ಮೇಲೆ ಅವರು ಒಬ್ಬೊಬ್ಬರಾಗಿ ವಾಪಸ್ ಬಂದರು. ತಲೆನೋವು, ವಾಂತಿ.

ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ. ನಮ್ಮೂರಿನ ಕಣದಲ್ಲಿ ನಡೆದದ್ದೇ ಹತ್ತು ಹನ್ನೆರಡು ವರ್ಷ ಮೊದಲು ಅಮೆರಿಕದಲ್ಲೂ ನಡೆದಿತ್ತು. ರಕ್ತದಿಂದ ಮೆದುಳಿಗೆ ಕಂಡಕಂಡದ್ದು ನುಗ್ಗದಂತೆ ದೇಹದಲ್ಲಿ ಒಂದು ತಡೆಗೋಡೆ ಇದೆ. ಔಷಧವನ್ನೂ ಅದು ಒಳಗೆ ಬಿಡುವುದಿಲ್ಲ. ಆದರೆ ಕೆಲವು ಕ್ಯಾನ್ಸರ್ ಕಣಗಳು ಮೊದಲೇ ಆ ಗೋಡೆಯ ಆಚೆ ಸೇರಿಕೊಂಡಿರುತ್ತವೆ. ಮೈಯೆಲ್ಲ ಶುದ್ಧವಾದರೂ ಅಲ್ಲಿ ಅಡಗಿ ಕೂತು ಬೆಳೆಯುತ್ತವೆ.

ಈ ಗಂಟು ಬಿಡಿಸಿದ್ದು ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆ. 1962ರಲ್ಲಿ ತೆರೆದದ್ದು, ಕರಿಯರು ಬಿಳಿಯರು ಎನ್ನದೆ ಎಲ್ಲ ಮಕ್ಕಳಿಗೂ ಒಂದೇ ವಾರ್ಡು, ಆ ಕಾಲಕ್ಕೆ ಆ ಊರಿಗೆ ಅದು ಸಣ್ಣ ಮಾತಲ್ಲ. ಅಲ್ಲಿನ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ‘ವಾಸಿ’ ಅನ್ನುವ ಪದವನ್ನು ಬಾಯಿಬಿಟ್ಟು ಹೇಳಿದವರು. ಮೊದಲು ಔಷಧಗಳಿಂದ ರಕ್ತ ಶುದ್ಧಿ. ಕಾಯಿಲೆ ಇನ್ನೂ ಕಾಣದಿದ್ದರೂ ಮೆದುಳಿಗೆ ವಿಕಿರಣ, ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಮೆಥೋಟ್ರೆಕ್ಸೇಟ್ ಇಂಜೆಕ್ಷನ್. ಆಮೇಲೆ ಎರಡು ಮೂರು ವರ್ಷ ಬಿಡದೆ ಮಾತ್ರೆ. 1968ರ ಹೊತ್ತಿಗೆ ಶುರುವಾದ ಅವರ ಐದನೇ ಅಧ್ಯಯನದಲ್ಲಿ ಅರ್ಧದಷ್ಟು ಮಕ್ಕಳು ಪೂರ್ತಿ ವಾಸಿಯಾದರು. ಹೊಸ ಔಷಧ ಒಂದೂ ಇರಲಿಲ್ಲ ಅದರಲ್ಲಿ! ಇದ್ದ ಔಷಧಗಳನ್ನೇ ಎಲ್ಲಿಗೆ, ಯಾವಾಗ, ಎಷ್ಟು ದಿನ ಕೊಡಬೇಕು ಅನ್ನುವುದಷ್ಟೇ ಹೊಸದು. ವಿಕಿರಣದಿಂದ ಮಕ್ಕಳ ಕಲಿಕೆಗೆ ಪೆಟ್ಟು ಬೀಳುತ್ತೆ ಅಂತ ಆಮೇಲೆ ಗೊತ್ತಾಗಿ, ಈಗ ಬಹುಪಾಲು ಮಕ್ಕಳಿಗೆ ಬೆನ್ನಿನ ಇಂಜೆಕ್ಷನ್ ಮಾತ್ರ.

ಅಂದರೆ 1976ರಲ್ಲಿ ದಾರಿ ಗೊತ್ತಿತ್ತು. ಚೀಟಿಯಲ್ಲಿ ಆ ದಾರಿಯ ಮೊದಲ ಮೆಟ್ಟಿಲು ಮಾತ್ರ ಇತ್ತು. ಬರೆದ ವೈದ್ಯರನ್ನು ನಾನು ದೂರಲಾರೆ. ರಕ್ತದ ಕೊರತೆ, ಸೋಂಕಿಗೆ ಔಷಧವಿಲ್ಲ, ಅಪ್ಪ–ಅಮ್ಮ ಎರಡು ವರ್ಷ ಬಸ್ ಚಾರ್ಜ್ ಹೊಂದಿಸಿಕೊಂಡು ಬರುವ ನಂಬಿಕೆ ಇಲ್ಲ. ಬಲವಾದ ಚಿಕಿತ್ಸೆ ಕೊಟ್ಟಿದ್ದರೆ ಅದರಿಂದಲೇ ಮಗು ಸಾಯುವ ಸಾಧ್ಯತೆ ಸಣ್ಣದಲ್ಲ.

ಭಾರತದಲ್ಲಿ ದಾರಿ ತೆರೆದದ್ದು ಎಂಬತ್ತರ ದಶಕದ ಮಧ್ಯದಲ್ಲಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ದೆಹಲಿಯ ಏಮ್ಸ್ ಸೇರಿ, ಅಮೆರಿಕದ ಇಯಾನ್ ಮಗ್ರಾತ್ ಜೊತೆ ಎಂಸಿಪಿ-841 ಎಂಬ ಒಂದೇ ಚಿಕಿತ್ಸಾಕ್ರಮ ಹಿಡಿದವು. ನಮ್ಮ ಆಸ್ಪತ್ರೆಗಳು ತಾಳಿಕೊಳ್ಳಬಲ್ಲಷ್ಟೇ ಕಟುವಾದದ್ದು. ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ 2005ರಲ್ಲಿ ಹೊರಬಂತು: ಆಸ್ಪತ್ರೆಗೆ ತಕ್ಕಂತೆ ಶೇ 40ರಿಂದ 60ರಷ್ಟು ಮಂದಿ ನಾಲ್ಕು ವರ್ಷದ ಬಳಿಕವೂ ಕಾಯಿಲೆ ಮರಳದೆ ಇದ್ದರು. ಈಗ ಶ್ರೀಮಂತ ದೇಶಗಳಲ್ಲಿ ಇದು ಶೇ 90ರ ಆಸುಪಾಸು.

ಹಾಗಾದರೆ ಹೊಸ ಔಷಧದ ಸಂಶೋಧನೆ ಯಾಕೆ? ಉಳಿಯದ ಮಕ್ಕಳಿಗಾಗಿ, ಕಾಯಿಲೆ ಮರಳಿದವರಿಗಾಗಿ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಆರು ವರ್ಷದ ಹುಡುಗಿಯೊಬ್ಬಳ ರಕ್ತದಿಂದ ಟಿ ಕಣಗಳನ್ನು ತೆಗೆದು, ಕ್ಯಾನ್ಸರ್ ಗುರುತಿಸುವಂತೆ ಅವುಗಳ ಜೀನ್ ತಿದ್ದಿ ವಾಪಸ್ ಹಾಕಿದರು. ಇದೇ ಕಾರ್-ಟಿ. 2017ರಲ್ಲಿ ಅನುಮತಿ ಸಿಕ್ಕಾಗ ಬೆಲೆ 4,75,000 ಡಾಲರ್. 2023ರ ಅಕ್ಟೋಬರ್‌ನಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಶ್ರಮದಿಂದ ಬಂದ ನಮ್ಮದೇ ನೆಕ್ಸ್‌ಕಾರ್19 ಅನುಮತಿ ಪಡೆಯಿತು. ಅದರ ಬೆಲೆ ಅಮೆರಿಕದ ಬೆಲೆಯ ಹತ್ತನೇ ಒಂದರಷ್ಟು. ಆದರೂ ಲಕ್ಷಗಳ ಲೆಕ್ಕವೇ. ಇನ್ನೊಂದು ಔಷಧ ಬ್ಲಿನಾಟುಮೊಮ್ಯಾಬ್, ಒಂದು ಕೈಯಲ್ಲಿ ಟಿ ಕಣ, ಇನ್ನೊಂದು ಕೈಯಲ್ಲಿ ಕ್ಯಾನ್ಸರ್ ಕಣ ಹಿಡಿದು ಮುಖಾಮುಖಿ ಮಾಡಿಸುತ್ತೆ. ಸಾಧಾರಣ ಅಪಾಯದ ಗುಂಪಿನ ಮಕ್ಕಳಿಗೆ ಕೀಮೋ ಜೊತೆ ಇದನ್ನೂ ಕೊಟ್ಟಾಗ, ಮೂರು ವರ್ಷದ ಬಳಿಕ ಕಾಯಿಲೆ ಮರಳದವರ ಪ್ರಮಾಣ ಶೇ 88ರಿಂದ 96ಕ್ಕೆ ಏರಿತು ಅಂತ 2024ರ ಡಿಸೆಂಬರ್‌ನಲ್ಲಿ ವರದಿಯಾಯಿತು. ಗಮನಿಸಿ, ಕೀಮೋ ಜೊತೆಗೆ. ಮೊದಲ ವಾರ ಇಂದಿಗೂ ಸ್ಟಿರಾಯ್ಡ್ ಮತ್ತು ವಿನ್‌ಕ್ರಿಸ್ಟಿನ್ನೇ.

ಕಳೆದ ಯುಗಾದಿಗೆ ಊರಿಗೆ ಹೋದಾಗ ದೊಡ್ಡಮ್ಮನ ಹತ್ತಿರ ಕೂತು ಇದನ್ನೆಲ್ಲ ಹೇಳಿದೆ. ತಡೆಗೋಡೆ, ಅಡಗಿದ ಕಣ, ಬಿಸಿಲಿಗೂ ತಲೆನೋವಿಗೂ ಸಂಬಂಧ ಇಲ್ಲ ಅನ್ನೋದು. ಅವರು ಅವರೆಕಾಯಿ ಬಿಡಿಸುತ್ತಲೇ ಕೇಳಿಸಿಕೊಂಡರು.

‘ಆ ಬೆನ್ನಿಗೆ ಚುಚ್ಚೋ ಸೂಜಿ ಮದ್ದು ನಮ್ ಕಡೆಗೆ ಯಾವಾಗ ಬಂತು?’

‘ಸರಿಯಾಗಿ ಕೊಡಕ್ಕೆ ಶುರು ಮಾಡಿದ್ದು ಒಂದು ಹತ್ತು ವರ್ಷ ಆದ್ಮೇಲೆ, ದೊಡ್ಡಮ್ಮ.’

ಅವರು ಮೊರ ಪಕ್ಕಕ್ಕಿಟ್ಟು ‘ಬಿಸಿಲಿಂದ ಅಲ್ಲ ಅಂತೀಯ’ ಅಂದರು. ಅಲ್ಲ ಅಂದೆ. ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲ ಅಲ್ಲ ಅಂದೆ.